ಚಾದರದ ಇನ್ನೊಂದು ತುದಿ

ಒಂದು ಚಾದರ ಒಗೆಯುವುದಕ್ಕೆ ಏನೇನು ಖರ್ಚು ಎಂದು ಯಾರಾದರೂ ಕೇಳಿದರೆ ಲಾಂಡ್ರಿ ಅಕ್ಕ ಬೆರಳು ಮಡಚಿ ಲೆಕ್ಕ ಹೇಳುತ್ತಿದ್ದಳು. ಸೋಪು, ಸೋಡಾ, ಒಂದು ಚಿಟಿಕೆ ನೀಲಿ, ಗಂಜಿ, ಹಂಡೆ ಕಾಯಿಸುವುದಕ್ಕೆ ಸೌದೆ, ಇಸ್ತ್ರಿಗೆ ಕರೆಂಟು, ಕೊನೆಗೆ ಇಬ್ಬರು ಹೆಂಗಸರ ಸೊಂಟ. "ಎಲ್ಲಕ್ಕಿಂತ ದುಬಾರಿ ಸೊಂಟಾನೇ. ಮಿಕ್ಕಿದ್ದೆಲ್ಲ ಅಂಗಡೀಲಿ ಸಿಗುತ್ತೆ" ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಅಗ್ಗವಾಗಿದ್ದದ್ದು ಒಂದೇ, ಕಟ್ಟಡದ ಬಾಡಿಗೆ. ಕೆಳಗೆ ಕಲ್ಲಿನ ತೊಟ್ಟಿಗಳು, ದೊಡ್ಡ ಹಂಡೆ, ಹಿಂದೆ ಬಾವಿ, ಮೇಲೆ ತಾರಸಿ. ಇಷ್ಟೆಲ್ಲ ಇದ್ದೂ ಆ ಬೀದಿಯಲ್ಲಿ ಒಂದು ಪಾನ್ ಡಬ್ಬಾಗೆ ಕೊಡುವಷ್ಟೇ ಬಾಡಿಗೆ. ಯಾಕೆ ಇಷ್ಟು ಕಡಿಮೆ ಎಂದು ಅಕ್ಕ ಒಂದು ದಿನವೂ ಮಾಲೀಕನನ್ನು ಕೇಳಲಿಲ್ಲ. ಕೇಳಿದರೆ ಅವನಿಗೆ ಜ್ಞಾನೋದಯವಾಗಿ ಏರಿಸಿಬಿಟ್ಟಾನು ಎಂಬ ಹೆದರಿಕೆ.

ಅವಳಿಗೆ ಬೀದಿಯವರೆಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ವಯಸ್ಸಾದವರೂ ಕೂಡ. ನಿಜವಾಗಿ ಅಕ್ಕ ಎನ್ನುವ ಹಕ್ಕಿದ್ದವಳು ಒಬ್ಬಳೇ, ಅವಳ ತಂಗಿ ಪುಟ್ಟಿ. ಪುಟ್ಟಿ ಇನ್ನೂ ತೊದಲುವ ವಯಸ್ಸಿನಲ್ಲಿ ಅಮ್ಮ ಹೋದಳು. ಆಮೇಲೆ ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಬೈದದ್ದು, ಕೆಲಸ ಕಲಿಸಿದ್ದು ಎಲ್ಲ ಅಕ್ಕನೇ. ಈಗ ಪುಟ್ಟಿ ಮೈಕೈ ತುಂಬಿಕೊಂಡ ಹೆಂಗಸು. ಕೆಲಸ ಮಾಡುವಾಗ ಬಾಯಿ ಮುಚ್ಚುವ ಜಾಯಮಾನವಲ್ಲ. ಹಾಡು ಇಲ್ಲದಿದ್ದರೆ ಮಾತು, ಮಾತಿಲ್ಲದಿದ್ದರೆ ಅಕ್ಕನ ಅಣಕ.

ಇಬ್ಬರದೂ ಅಮ್ಮನಿಂದ ಬಂದ ಕೆಲಸ, ಅಮ್ಮನಿಂದ ಬಂದ ಕ್ರಮ. ದೊಡ್ಡ ಚಾದರವನ್ನು ಒಬ್ಬರೇ ಮಡಚಬಾರದು, ಇಬ್ಬರು ಎದುರುಬದುರು ನಿಲ್ಲಬೇಕು. ತುದಿ ಎಸೆಯುವವಳು "ಹಿಡಿ" ಎನ್ನುತ್ತಾಳೆ. ಎದುರಿನವಳು ಹಿಡಿದ ಮೇಲೆ ಇಬ್ಬರೂ ಬಿಗಿಯಾಗಿ ಎಳೆದು ಒಂದು ಸಲ ಜಾಡಿಸುತ್ತಾರೆ. ಪಟ್ಟೆಂದು ಸದ್ದು ಬರಬೇಕು, ಬಂದರೆ ಸುಕ್ಕು ಹೋಯಿತೆಂದು ಅರ್ಥ. ಉದ್ದಕ್ಕೆ ಮಡಚಿದ ಮೇಲೆ ಹಿರಿಯಳು ತನ್ನ ತುದಿಯನ್ನು ಮೆಲ್ಲಗೆ ಜಗ್ಗುತ್ತಾಳೆ. ಜಗ್ಗಿದರೆ 'ಬಾ' ಎಂದು. ಕಿರಿಯಳು ನಡೆದು ಬಂದು ತನ್ನ ಮೂಲೆಗಳನ್ನು ಹಿರಿಯಳ ಕೈಗೆ ಕೊಡುತ್ತಾಳೆ, ಬಗ್ಗಿ ಕೆಳಗೆ ಜೋತ ಮಡಿಕೆ ಹಿಡಿದು ಹಿಂದೆ ಸರಿಯುತ್ತಾಳೆ. ಮತ್ತೆ ಜಗ್ಗು, ಮತ್ತೆ ನಡೆ. ಕೊನೆಗೆ ಇಡೀ ಚಾದರ ಗಂಟಿನಂತೆ ಹಿರಿಯಳ ಕೈಯಲ್ಲಿ. ಹಿರಿಯಳು ನಿಲ್ಲಬೇಕು, ಕಿರಿಯಳು ನಡೆಯಬೇಕು, ನಡುವೆ ಯಾರೂ ಕೈ ಬಿಡಬಾರದು.

"ನಾನು ಹುಟ್ಟಿದಾಗಿಂದ ನಡೀತಾನೇ ಇದೀನಿ. ಇಷ್ಟು ಹೊತ್ತಿಗೆ ಸಮುದ್ರ ತಲುಪಿರ್ತಿದ್ದೆ" ಎಂದು ಪುಟ್ಟಿ ಗೊಣಗುತ್ತಿದ್ದಳು.

"ನನಗಿಂತ ಮುಂಚೆ ಹುಟ್ಟಬೇಕಿತ್ತು. ಯಾರು ಬೇಡ ಅಂದಿದ್ರು?" ಎನ್ನುತ್ತಿದ್ದಳು ಅಕ್ಕ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅದೇ ತಿಂಗಳು ದೊಡ್ಡ ಆಸ್ಪತ್ರೆಯ ಚಾದರಗಳ ಕೆಲಸ ಅಕ್ಕನ ಕೈಗೆ ಬಂದಿತ್ತು. ದಿನ ಬಿಟ್ಟು ದಿನ ವ್ಯಾನಿನಲ್ಲಿ ಗಂಟು ಬರುತ್ತಿತ್ತು, ಒಣಗಿಸಿ ಕೊಡದಿದ್ದರೆ ಕೆಲಸ ಕೈ ತಪ್ಪುತ್ತಿತ್ತು. ತಾರಸಿಯ ಹಗ್ಗಗಳಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಮಹಡಿಯ ಮೇಲೆ ಬೀಗ ಹಾಕಿದ ಒಂದು ಉದ್ದನೆಯ ಕೋಣೆ ಇತ್ತು. ಅಕ್ಕ ಮಾಲೀಕನ ಹತ್ತಿರ ಬೀಗದ ಕೈ ಕೇಳಿದಳು.

"ಅದನ್ನ ನಮ್ಮಪ್ಪಾನೂ ತೆಗೆದಿಲ್ಲ, ನಾನೂ ತೆಗೆದಿಲ್ಲ" ಎಂದ ಅವನು.

"ಯಾಕೆ?"

"ಅವರು ತೆಗೀಲಿಲ್ಲ ಅಂತ ನಾನು ತೆಗೀಲಿಲ್ಲ. ಅವರು ಯಾಕೆ ತೆಗೀಲಿಲ್ಲ ಅಂತ ಅವರನ್ನ ಕೇಳೋಕಾಗುತ್ತಾ ಈಗ?"

ಕೈ ಇಸಿದುಕೊಂಡು ಬಂದು ಬೀಗ ತೆಗೆದ ಅಕ್ಕ ಸಂತೋಷಕ್ಕೆ ಕೋಣೆಯನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಅಳೆದಳು. ಅದು ಬಟ್ಟೆ ಒಣಗಿಸುವುದಕ್ಕೆಂದೇ ಕಟ್ಟಿದ ಕೋಣೆ. ಎರಡು ಗೋಡೆಗೂ ಸಾಲಾಗಿ ಕಬ್ಬಿಣದ ಕೊಕ್ಕೆಗಳು, ಎತ್ತರದಲ್ಲಿ ಕಿಟಕಿಗಳು. ಕೆಳಗಿನ ಹಂಡೆಯ ಹೊಗೆ ಕೊಳವೆ ಗೋಡೆಯೊಳಗೇ ಹಾದು ಹೋಗಿತ್ತು. ಕೆಳಗೆ ಒಲೆ ಉರಿದರೆ ಮೇಲೆ ಗೋಡೆ ತಾನಾಗಿ ಬೆಚ್ಚಗಾಗುತ್ತಿತ್ತು. ಕಟ್ಟಿಸಿದವನಿಗೆ ಕೆಲಸ ಗೊತ್ತಿತ್ತು ಎಂದು ಅಕ್ಕ ಮನಸ್ಸಿನಲ್ಲೇ ಮೆಚ್ಚಿಕೊಂಡಳು. ಎರಡು ಸಂಗತಿ ಮಾತ್ರ ಕಣ್ಣಿಗೆ ಮೂಗಿಗೆ ಬಿದ್ದವು. ಕೋಣೆಯಲ್ಲಿ ಹಳೆಯ ಕರ್ಪೂರದ ವಾಸನೆ ಇತ್ತು. ಬಾಗಿಲಿಗೆ ಒಳಗೆ ಚಿಲಕವೇ ಇರಲಿಲ್ಲ, ಹೊರಗಡೆ ಮಾತ್ರ ಮೊಳಕೈ ಉದ್ದದ ಅಗುಳಿ.

"ಚಾದರ ಓಡಿಹೋಗುತ್ತೆ ಅಂತ ಕೂಡಿ ಹಾಕ್ತಿದ್ರೇನೋ" ಎಂದು ಪುಟ್ಟಿ ನಕ್ಕಳು.

ಅವತ್ತು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿ ಬಿಸಿಲು ಬಿದ್ದಿತ್ತು. ಅಕ್ಕ ಕೆಳಗೆ ಹಂಡೆಗೆ ಸೌದೆ ತಳ್ಳುತ್ತಿದ್ದಳು. ಪುಟ್ಟಿ ಮೇಲೆ ಆ ಕೋಣೆಯಲ್ಲಿ, ಬೆಳಿಗ್ಗೆ ಹರವಿ ಒಣಗಿದ ಚಾದರಗಳನ್ನು ಹಗ್ಗದಿಂದ ಎಳೆಯುತ್ತಿದ್ದಳು. ಹಾಡು ಕೇಳುತ್ತಿತ್ತು. ಹಾಡಿನ ಮಧ್ಯೆ, ಅಭ್ಯಾಸಬಲದಿಂದ, "ಹಿಡಿ!" ಎಂದದ್ದೂ ಕೇಳಿಸಿತು.

"ನಾನೆಲ್ಲಿದೀನೇ ಹಿಡಿಯೋಕೆ? ತಡಿ, ಬಂದೆ" ಎಂದು ಅಕ್ಕ ಕೆಳಗಿನಿಂದ ಕೂಗಿದಳು.

ಮೇಲಿನಿಂದ ಪಟ್ಟೆಂದು ಸದ್ದು ಬಂತು. ಬಿಗಿಯಾಗಿ ಎಳೆದು ಜಾಡಿಸಿದ ಚಾದರದ ಸದ್ದು.

ಅಕ್ಕನ ಕೈಯಲ್ಲಿದ್ದ ಸೌದೆ ಅಲ್ಲೇ ನಿಂತಿತು. ಜೀವಮಾನವೆಲ್ಲ ಕೇಳಿದ ಸದ್ದು ಅದು. ಎರಡು ಜೊತೆ ಕೈ ಇಲ್ಲದೆ ಆ ಸದ್ದು ಬರುವುದಿಲ್ಲ. ಮೇಲೆ ಪುಟ್ಟಿ ಒಬ್ಬಳೇ ಇದ್ದಳು.

ಹಾಡು ನಿಂತಿತ್ತು. ಆಮೇಲೆ ಧಡಧಡ ಓಡಿದ ಹೆಜ್ಜೆ. ಅಕ್ಕ ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಪುಟ್ಟಿ ಅವಳ ಮೇಲೆಯೇ ಬಂದು ಬಿದ್ದಳು. ಹಿಡಿದುಕೊಂಡರೆ ಮೈ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಬೆಳಿಗ್ಗೆ ನಕ್ಕ ಹುಡುಗಿ, ಮಧ್ಯಾಹ್ನಕ್ಕೆ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು.

ಚಾದರ ಒಗೆದು ಕೊಡುತ್ತಿದ್ದ ಆಸ್ಪತ್ರೆಯಲ್ಲೇ, ತಾವು ಒಗೆದ ಚಾದರದ ಮೇಲೆಯೇ ಪುಟ್ಟಿಯನ್ನು ಮಲಗಿಸಿದರು. ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. "ಎದೆ ತುಂಬ ನೀರು ತುಂಬಿದ ಹಾಗಿದೆ ಅಮ್ಮ. ಆಕ್ಸಿಜನ್ ಕೊಡ್ತಿದೀವಿ, ಔಷಧಿ ಕೊಡ್ತಿದೀವಿ. ಯಾವ ಪರೀಕ್ಷೆಯಲ್ಲೂ ಏನೂ ಸಿಗ್ತಿಲ್ಲ. ಇಷ್ಟು ಬೇಗ ಇಷ್ಟು ಏರಿದ್ದನ್ನ ನಾನು ನೋಡಿಲ್ಲ" ಎಂದರು. ಪುಟ್ಟಿಯ ತುಟಿಗೆ, ಕಿವಿಯ ಅಂಚಿಗೆ, ಉಗುರಿಗೆ ನೀಲಿ ಹತ್ತುತ್ತಿತ್ತು, ಬಟ್ಟೆಗೆ ನೀಲಿ ಹೆಚ್ಚಾದ ಹಾಗೆ.

ರಾತ್ರಿ ಹಾಗೆಯೇ ಕಳೆಯಿತು. ಬೆಳಗಾಗುವಾಗ ಪುಟ್ಟಿ ಎರಡೂ ಕೈ ಮುಂದೆ ಚಾಚಿ ಹೊದಿಕೆಯ ಮೂಲೆಗಳನ್ನು ಹಿಡಿದುಕೊಂಡಳು. "ಅಕ್ಕ, ಅವಳು ಜಗ್ಗಿದಳು. ನಾನು ಬಿಟ್ಟುಬಿಟ್ಟೆ" ಎಂದಳು.

"ಯಾರೇ?"

"ಹಿಡಿ ಅಂದೆ. ಹಿಡಿದಳು. ನಾನು ಬಿಟ್ಟುಬಿಟ್ಟೆ ಅಕ್ಕ."

ಅಕ್ಕ ಪಕ್ಕದ ಹಾಸಿಗೆಯ ಆಯಾಗೆ ತಂಗಿಯನ್ನು ನೋಡಿಕೊಳ್ಳಲು ಹೇಳಿ ಲಾಂಡ್ರಿಗೆ ಬಂದಳು. ಕೆಳಗಿನ ಹಂಡೆ ತಣ್ಣಗಿತ್ತು. ಮೆಟ್ಟಿಲು ಹತ್ತಿ, ತೆರೆದೇ ಇದ್ದ ಬಾಗಿಲಲ್ಲಿ ನಿಂತು ನೋಡಿದಳು.

ಕಿಟಕಿಗಳಿಂದ ಬೆಳಗಿನ ಬಿಸಿಲು ಬಂದು ಕೋಣೆ ಬೆಳ್ಳಗೆ ಬೆಳಗುತ್ತಿತ್ತು. ಎರಡೂ ಕಡೆ ಚಾದರಗಳು ನೇತಾಡುತ್ತಿದ್ದವು. ನಡುವಿನ ಓಣಿಯಲ್ಲಿ ಒಂದು ಚಾದರ. ಅದರ ಈಚೆಯ ತುದಿ ನೆಲದ ಮೇಲೆ ಬಿದ್ದಿತ್ತು, ಪುಟ್ಟಿ ಬಿಟ್ಟಲ್ಲೇ. ಆಚೆಯ ತುದಿ ಬಿದ್ದಿರಲಿಲ್ಲ. ಅದರ ಎರಡು ಮೂಲೆಗಳು ಎದೆಯೆತ್ತರದಲ್ಲಿ, ಗಾಳಿಯಲ್ಲಿ, ಒಂದಕ್ಕೊಂದು ಮೊಳ ದೂರದಲ್ಲಿ ನಿಂತಿದ್ದವು. ಮೇಲೆ ಹಗ್ಗವಿಲ್ಲ, ಹಿಂದೆ ಕೊಕ್ಕೆಯಿಲ್ಲ. ಯಾರೋ ಹಿಡಿದುಕೊಂಡು ಕಾಯುತ್ತಿರುವ ಹಾಗೆ.

ಅಕ್ಕ ಒಳಗೆ ಕಾಲಿಡಲಿಲ್ಲ. ಹಿಂದೆ ಹೆಜ್ಜೆ ಇಟ್ಟು ಬಾಗಿಲೆಳೆದಳು. ಕೈ ತಾನಾಗಿ ಅಗುಳಿಗೆ ಹೋಯಿತು. ಅಗುಳಿ ನುಣುಪಾಗಿತ್ತು, ಸಲೀಸಾಗಿ ಜಾರುವುದಕ್ಕೆ ಸಿದ್ಧವಾಗಿತ್ತು. ಹಾಕಿಬಿಟ್ಟರೆ ಮುಗಿಯಿತು. ಕಟ್ಟಡ ಬಿಡಬಹುದು, ಬೇರೆ ಬೀದಿ ನೋಡಿಕೊಳ್ಳಬಹುದು.

ಅಷ್ಟರಲ್ಲಿ ಒಳಗಿನಿಂದ ಉಸಿರು ಕೇಳಿಸಿತು. ನೀರು ತುಂಬಿದ ಎದೆಯ ಗೊರಗೊರ ಉಸಿರು. ರಾತ್ರಿಯಿಡೀ ಪುಟ್ಟಿಯ ಹಾಸಿಗೆಯ ಪಕ್ಕ ಕೇಳಿದ್ದು ಇದೇ ಉಸಿರು, ಇದೇ ಲಯ. ಅಲ್ಲಿ ಎಳೆದದ್ದು ಇಲ್ಲಿ ಬಿಟ್ಟ ಹಾಗೆ.

ಅಕ್ಕ ಅಗುಳಿಯಿಂದ ಕೈ ತೆಗೆದಳು.

ಬೀದಿಯ ಕೊನೆಯಲ್ಲಿ ಇತಿಹಾಸದ ಮೇಷ್ಟ್ರು ಇದ್ದರು. ರಿಟೈರಾಗಿ ವರ್ಷಗಳಾಗಿದ್ದರೂ ದಿನಾ ಗಂಜಿ ಹಾಕಿದ ಅಂಗಿಯೇ ಬೇಕು. ಅಕ್ಕನ ಹಳೆಯ ಗಿರಾಕಿ, ಬೀದಿಯ ಹಳೆಯ ಸಂಗತಿಯೆಲ್ಲ ಬಲ್ಲವರು. ಅಕ್ಕ ನೇರ ಅವರ ಮನೆಗೆ ಹೋದಳು. ಅವರಿಗೆ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಗುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ.

"ಮುಖ ನೀಲಿಯಾಗಿದೆಯಾ?" ಎಂದು ಕೇಳಿದರು.

"ಆಗ್ತಿದೆ."

ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಮೊದಲನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಒಂದು ಜ್ವರ ಬಂತಮ್ಮ, ಪ್ರಪಂಚಕ್ಕೆಲ್ಲ. ಯುದ್ಧ ಮಾಡ್ತಿದ್ದ ದೇಶಗಳಲ್ಲಿ ಸುದ್ದಿ ಅಚ್ಚು ಹಾಕೋಕೆ ಬಿಡ್ತಿರಲಿಲ್ಲ. ಸ್ಪೇನ್ ಯುದ್ಧಕ್ಕೆ ಹೋಗಿರಲಿಲ್ಲ, ಅಲ್ಲಿಯ ಪತ್ರಿಕೆಗಳು ಬರೆದವು. ಪಾಪ, ಬರೆದ ತಪ್ಪಿಗೆ ಜ್ವರಕ್ಕೆ ಆ ದೇಶದ ಹೆಸರೇ ಅಂಟಿಕೊಳ್ತು. ಬೇರೆ ಜ್ವರ ಮುದುಕರನ್ನ, ಮಕ್ಕಳನ್ನ ಒಯ್ಯುತ್ತೆ. ಇದು ಗಟ್ಟಿಮುಟ್ಟಾದ ಪ್ರಾಯದವರನ್ನೇ ಹುಡುಕಿ ಹುಡುಕಿ ಒಯ್ತು. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆಗಿಲ್ಲ. ಮುಖ ನೀಲಿ ಆಯ್ತು ಅಂದ್ರೆ ಆಸೆ ಬಿಡ್ತಿದ್ರಂತೆ. ಸ್ಕೂಲು ಮುಚ್ಚಿದರು, ನಾಟಕ ಮುಚ್ಚಿದರು, ಮೂಗಿಗೆ ಬಟ್ಟೆ ಕಟ್ಟಿಸಿದರು, ಜನ ಕುತ್ತಿಗೆಗೆ ಕರ್ಪೂರದ ಚೀಲ ಕಟ್ಟಿಕೊಂಡರು. ಯುದ್ಧದಲ್ಲಿ ಸತ್ತವರಿಗಿಂತ ಅದರಲ್ಲಿ ಸತ್ತವರು ಜಾಸ್ತಿ."

"ಕರ್ಪೂರ" ಎಂದಳು ಅಕ್ಕ.

"ಇಷ್ಟು ನಾನು ಪಾಠ ಮಾಡ್ತಿದ್ದದ್ದು. ಮಾಡದೇ ಇದ್ದದ್ದು ಒಂದಿದೆ." ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನಿಮ್ಮ ಕಟ್ಟಡ ಆವಾಗಲೂ ಲಾಂಡ್ರಿನೇ. ಜ್ವರದ ಆಸ್ಪತ್ರೆಯ ಬಟ್ಟೆ ಅಲ್ಲಿಗೇ ಬರ್ತಿತ್ತು. ನಮ್ಮಜ್ಜಿ ಹುಡುಗಿಯಾಗಿದ್ದಾಗ ಅಲ್ಲಿ ಕೆಲಸಕ್ಕಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ನೋಡಿದೀನಿ, ಎಷ್ಟು ದೊಡ್ಡ ಚಾದರ ಆದ್ರೂ ನೆಲದ ಮೇಲೆ ಹಾಸಿ, ಮಂಡಿಯೂರಿ, ಒಬ್ಬಳೇ ಮಡಚೋಳು. ನಮ್ಮಮ್ಮ ಒಂದು ಸಲ ತಮಾಷೆಗೆ ತುದಿ ಎಸೆದು ಹಿಡೀರಿ ಅಂದಳು. ಅಜ್ಜಿ ಕಿರುಚಿದ್ದು ಇನ್ನೂ ಕಿವೀಲಿದೆ. ಸಾಯೋ ಮುಂಚೆ ಒಂದೇ ಒಂದು ಸಲ ಹೇಳಿದಳು. ಕೆಲಸ ಕಲಿಸಿದ ಹೆಂಗಸಿನ ಜೊತೆ ಮಡಚ್ತಾ ಇದ್ದಳಂತೆ. ಆ ಹೆಂಗಸಿಗೆ ನಿಂತಲ್ಲೇ ಉಸಿರು ಕಟ್ಟಿ ಮುಖ ನೀಲಿ ಆಯ್ತಂತೆ. ಅಜ್ಜಿ ತುದಿ ಬಿಟ್ಟು ಓಡಿದಳು, ಹೊರಗಿಂದ ಅಗುಳಿ ಹಾಕಿದಳು. ಜ್ವರ ಬಂದವರನ್ನ ಹಾಗೇ ಕೂಡಿ ಹಾಕಿ ಅಂತ ಯಜಮಾನನ ಕಟ್ಟಪ್ಪಣೆ ಇತ್ತು. ತೆಗೆದಾಗ ಮುಗಿದಿತ್ತು."

"ನಿಮ್ಮಜ್ಜಿಗೆ ಆಗ ಎಷ್ಟು ವಯಸ್ಸು?"

"ಚಿಕ್ಕ ಹುಡುಗಿ ಅಮ್ಮ. ಜೀವಭಯ. ನಾನು ಅವಳನ್ನ ತಪ್ಪು ಅನ್ನಲ್ಲ."

"ನಾನೂ ಅನ್ನಲ್ಲ ಮೇಷ್ಟ್ರೇ" ಎಂದಳು ಅಕ್ಕ, ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಆದ್ರೆ ಅಲ್ಲಿ ಮಡಚೋಕೆ ಹಿಡಿದ ಚಾದರ ಹಾಗೇ ನಿಂತಿದೆ. ಮಡಚಿ ಮುಗಿಸೋ ತನಕ ಅವಳು ಬಿಡಲ್ಲ. ಯಾರು ಬಿಡ್ತಾರೆ? ನಾನಾದ್ರೂ ಬಿಡಲ್ಲ."

"ಡಾಕ್ಟರಿಗೆ ಹೇಳಿದ್ಯಾ?"

"ಡಾಕ್ಟರ ಕೆಲಸ ಡಾಕ್ಟರು ಮಾಡ್ತಿದಾರೆ. ಮಡಚೋದು ನಮ್ಮ ಕೆಲಸ."

"ನಾನೂ ಬರ್ಲಾ?"

"ನೀವು ಆಸ್ಪತ್ರೆಗೆ ಹೋಗಿ ಪುಟ್ಟಿ ಪಕ್ಕ ಕೂತ್ಕೊಳ್ಳಿ. ನಿಮಗೆ ಕರವಸ್ತ್ರ ಮಡಚೋಕೂ ಬರಲ್ಲ."

ಅಕ್ಕ ಮೊದಲು ಕೆಳಗೆ ಒಲೆ ಹಚ್ಚಿದಳು. ಕೋಣೆ ಬೆಚ್ಚಗಿರಲಿ, ಕೆಲಸ ಮಾಡುವ ಕೋಣೆ ಇರಬೇಕಾದ ಹಾಗೆ ಇರಲಿ ಎಂದು. ಕೈ ತೊಳೆದು ಒರೆಸಿಕೊಂಡಳು. ಹಳೆಯ ಕಾಲದ ಇದ್ದಿಲು ಇಸ್ತ್ರಿಪೆಟ್ಟಿಗೆ ಒಂದಿತ್ತು, ಎತ್ತಿದರೆ ಭುಜ ಕಳಚುವಷ್ಟು ಭಾರದ್ದು. ಅದನ್ನು ಹೊತ್ತು ಮೇಲೆ ಹೋಗಿ, ಬಾಗಿಲನ್ನು ಪೂರ್ತಿ ತೆರೆದು ಅದರ ಬುಡಕ್ಕೆ ಒತ್ತಿಟ್ಟಳು. ಏನೇ ಆಗಲಿ ಆ ಬಾಗಿಲು ಇವತ್ತು ಮುಚ್ಚಬಾರದು.

ಆಚೆಯ ಎರಡು ಮೂಲೆಗಳು ಇನ್ನೂ ಅಲ್ಲೇ, ಅಷ್ಟೇ ಎತ್ತರದಲ್ಲಿ ಇದ್ದವು. ಅಕ್ಕ ಈಚೆಯ ತುದಿಯ ಹತ್ತಿರ ಹೋಗಿ ಬಗ್ಗಿದಳು.

"ನೆಲಕ್ಕೆ ಬಿದ್ದಿದ್ದನ್ನ ಮತ್ತೆ ಒಗೀಬೇಕು, ಗೊತ್ತು" ಎಂದಳು, ಎದುರಿನ ಖಾಲಿ ಜಾಗಕ್ಕೆ. "ಇದೊಂದು ಸಲ ಸುಧಾರಿಸ್ಕೊ." ಎರಡು ಮೂಲೆ ಎತ್ತಿ ಹಿಡಿದು ಬಿಗಿ ಮಾಡಿದಳು.

ಆಚೆಯಿಂದಲೂ ಬಿಗಿಯಾಯಿತು. ಪಟ್ಟೆಂದು ಸದ್ದು ಬಂತು. ಎರಡೂ ಕಡೆ ನೇತಾಡುತ್ತಿದ್ದ ಚಾದರಗಳೆಲ್ಲ ಒಮ್ಮೆಗೇ ಅಲುಗಿದವು. ಉದ್ದಕ್ಕೆ ಮಡಚಿದರು. ಅಕ್ಕ ಬಲಗೈಯನ್ನು ಎಡಗೈಗೆ ತಂದಾಗ ಆಚೆಯ ಮೂಲೆಗಳೂ ತಾವಾಗಿ ಕೂಡಿಕೊಂಡವು, ಒಂದೂ ಅಂಚು ತಪ್ಪದೆ. ಎಂಥ ಕೈ ಎಂದು ಅಕ್ಕನಿಗೆ ಆ ಹೆದರಿಕೆಯಲ್ಲೂ ಅನಿಸಿತು.

ಆಮೇಲೆ ಅಕ್ಕ ತನ್ನ ತುದಿಯನ್ನು ಮೆಲ್ಲಗೆ ಜಗ್ಗಿದಳು. ಬಾ ಎಂದು. ಬರಲಿ, ಬಂದು ಅವಳ ಮೂಲೆ ತನ್ನ ಕೈಗೆ ಕೊಡಲಿ ಎಂದು ಹಲ್ಲು ಕಚ್ಚಿ ನಿಂತಳು.

ಯಾರೂ ಬರಲಿಲ್ಲ. ಆಚೆಯಿಂದ ಜಗ್ಗು ಬಂತು.

ಅಕ್ಕ ಮತ್ತೆ ಜಗ್ಗಿದಳು. ಆಚೆಯದು ಮತ್ತೆ ಜಗ್ಗಿತು, ಈ ಸಲ ಜೋರಾಗಿ. ಆಚೆಯ ತುದಿಯಿಂದ ಒದ್ದೆ ಹಬ್ಬತೊಡಗಿತು. ಜ್ವರದ ಬೆವರು, ಬಿಳಿ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತ ಅಕ್ಕನ ಕಡೆಗೆ ಬರುತ್ತಿತ್ತು. ಕರ್ಪೂರದ ವಾಸನೆ ಮೂಗು ಕಟ್ಟಿತು. ಹಿಂದೆ ಬಾಗಿಲು ಮುಚ್ಚಿಕೊಳ್ಳಲು ಒತ್ತುತ್ತಿತ್ತು, ಇಸ್ತ್ರಿಪೆಟ್ಟಿಗೆ ನೆಲದ ಮೇಲೆ ಕರಕರ ಎಂದು ಸರಿಯುತ್ತಿತ್ತು. ಮತ್ತೊಂದು ಜಗ್ಗು. ಅಕ್ಕನ ಹಿಮ್ಮಡಿ ಜಾರಿತು. ನಡುವೆ ಬಟ್ಟೆಯ ಎಳೆಯೊಂದು ಪುಟುಕ್ಕೆಂದಿತು. ಹರಿದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಗೊರಗೊರ ಉಸಿರು ತಡೆದು ತಡೆದು ಬರುತ್ತಿತ್ತು. ಆಸ್ಪತ್ರೆಯಲ್ಲೂ ಹಾಗೆಯೇ ತಡೆಯುತ್ತಿರಬೇಕು.

'ಯಾಕೆ ಬರಲ್ಲ ಇವಳು?' ಎಂದು ಅಕ್ಕ ಒಳಗೊಳಗೇ ಒದ್ದಾಡಿದಳು. 'ಜಗ್ಗಿದರೆ ಬರಬೇಕು. ಕೆಲಸ ಬಲ್ಲವಳು, ಅಷ್ಟು ಗೊತ್ತಿಲ್ಲವೆ?'

ಗೊತ್ತಿತ್ತು. ಅವಳಿಗೆ ಗೊತ್ತಿತ್ತು. ಮೇಷ್ಟ್ರು ಹೇಳಿರಲಿಲ್ಲವೆ, ಕೆಲಸ ಕಲಿಸಿದ ಹೆಂಗಸು ಎಂದು. ಓಡಿಹೋದದ್ದು ಕಿರಿಯಳು. ನಿಂತಿದ್ದವಳು ಹಿರಿಯಳು. ಅವಳು ನೂರು ವರ್ಷದಿಂದ ಜಗ್ಗುತ್ತಿದ್ದದ್ದು ಕಾಟ ಕೊಡುವುದಕ್ಕಲ್ಲ. ಬಾ ಎನ್ನುತ್ತಿದ್ದಳು, ಅಷ್ಟೇ. ಕ್ರಮ ತಪ್ಪಿದವಳು ತಾನೇ. ಅಮ್ಮ ಹೋದ ದಿನದಿಂದ ಎಲ್ಲರಿಗೂ ಅಕ್ಕನಾಗಿ, ಎಲ್ಲ ಚಾದರಕ್ಕೂ ತಾನೇ ನಿಂತು ನಿಂತು, ನಡೆಯುವುದೇ ಮರೆತುಹೋಗಿತ್ತು.

ಅಕ್ಕ ಎಳೆಯುವುದನ್ನು ಬಿಟ್ಟಳು. ಮೂಲೆಗಳನ್ನು ಬಿಡಲಿಲ್ಲ.

"ಬಂದೆ ಅಕ್ಕಾ" ಎಂದಳು.

ಆ ಪದವನ್ನು ಅವಳು ಯಾರಿಗೂ ಅಂದಿರಲಿಲ್ಲ. ಬಾಯಲ್ಲಿ ಹೊಸದಾಗಿತ್ತು.

ಬಾಗಿಲ ಕರಕರ ನಿಂತಿತು. ಅಕ್ಕ ನಡೆದಳು. ಚಾದರ ನಡುವೆ ಜೋಲುತ್ತ ಬಂತು. ಹತ್ತಿರವಾದಂತೆ ಆ ಮೂಲೆಗಳ ಹಿಂದೆ ಬೆರಳುಗಳು ಕಂಡವು. ಸೋಡಾ ತಿಂದು ಬಿರಿದ ಬೆರಳುಗಳು, ತನ್ನವೇ ಹಾಗೆ; ಉಗುರುಗಳು ಮಾತ್ರ ಕಡು ನೀಲಿ. ಆಮೇಲೆ ಮುಂಗೈ, ಭುಜ, ಮೂಗು ಬಾಯಿಗೆ ಕಟ್ಟಿದ ಬಿಳಿ ಬಟ್ಟೆ, ಅದು ಉಸಿರಿಗೆ ಒಳಗೆ ಹೋಗುತ್ತ ಹೊರಗೆ ಬರುತ್ತ ಇತ್ತು. ಅದರ ಮೇಲೆ ಹಣೆಯೆಲ್ಲ ಕೊಳೆತ ನೇರಳೆಯ ಬಣ್ಣ. ಅದರ ನಡುವೆ ಎರಡು ಕಣ್ಣು. ಅಕ್ಕ ಆ ಕಣ್ಣುಗಳನ್ನು ನೋಡಲೇಬೇಕಾಯಿತು. ಅವುಗಳಲ್ಲಿ ಸಿಟ್ಟಿರಲಿಲ್ಲ. ಜೊತೆಗಾರ್ತಿ ಕೆಲಸದ ನಡುವೆ ಎಲ್ಲೋ ಹೋಗಿ ತಡವಾಗಿ ಬಂದಾಗ ಇರುತ್ತದಲ್ಲ, ಆ ಅಸಹನೆ ಇತ್ತು.

ಅಕ್ಕ ತನ್ನ ಮೂಲೆಗಳನ್ನು ಆ ಕೈಗಳಿಗೆ ಇಟ್ಟಳು. ಬೆರಳಿಗೆ ಬೆರಳು ತಾಕಿತು. ಕೆಂಡದ ಮೇಲೆ ಕೈಯೂರಿದ ಹಾಗಾಯಿತು. ಆ ಕೈಗಳು ಹಿಡಿದುಕೊಂಡವೆಂದು ಖಾತ್ರಿಯಾಗುವ ತನಕ ಅವಳು ಬಿಡಲಿಲ್ಲ. ಆಮೇಲೆ ಬಗ್ಗಿದಳು. ಅದೇ ಎಲ್ಲಕ್ಕಿಂತ ಕಷ್ಟದ್ದು. ಆ ಉಸಿರಿನ ಕೆಳಗೆ, ಆ ಕೈಗಳ ಕೆಳಗೆ, ತನ್ನ ಕುತ್ತಿಗೆಯನ್ನು ಒಡ್ಡಿ, ಕೆಳಗೆ ಜೋತ ಮಡಿಕೆ ಹುಡುಕಿ ಹಿಡಿಯಬೇಕು. ನೆತ್ತಿಯ ಮೇಲೆ ಬಿಸಿ ಹನಿಯೊಂದು ಬಿತ್ತು. ಅಕ್ಕ ಮಡಿಕೆ ಹಿಡಿದಳು, ಎದ್ದಳು, ಹಿಂದೆ ಸರಿದಳು.

ಜಗ್ಗು ಬಂತು. ನಡೆದಳು. ಕೊಟ್ಟಳು, ಬಗ್ಗಿದಳು, ಸರಿದಳು. ಪ್ರತಿ ಸಲ ದೂರ ಕಡಿಮೆಯಾಯಿತು, ಪ್ರತಿ ಸಲ ಆ ಕಣ್ಣುಗಳು ಸ್ವಲ್ಪ ಹಗುರಾದವು. ಕೊನೆಗೆ ಇಬ್ಬರ ನಡುವೆ ಒಂದು ದಿಂಬಿನಷ್ಟೇ ಬಟ್ಟೆ ಉಳಿಯಿತು. ಅಕ್ಕ ಅದನ್ನು ಎದುರಿನವಳ ತೋಳಿಗೆ ಒಪ್ಪಿಸಿ, ಮೇಲೆ ಅಂಗೈಯಿಂದ ಸವರಿ ಸುಕ್ಕು ತೆಗೆದಳು, ಮಾಡಬೇಕಾದ ಹಾಗೆ.

"ಆಯ್ತು ಅಕ್ಕ" ಎಂದಳು. "ಬಾಗಿಲು ತೆಗೆದಿದೆ."

ಹೆಂಗಸು ಚಾದರವನ್ನು ಎದೆಗೊತ್ತಿಕೊಂಡು ಅಕ್ಕನ ಪಕ್ಕದಲ್ಲೇ ಹಾದು ಹೋದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅಗುಳಿಯನ್ನು ನೋಡಿದಳು. ಆಮೇಲೆ ಮೆಟ್ಟಿಲಿಳಿದಳು. ಒದ್ದೆ ಹೆಜ್ಜೆಗಳು ಮೆಟ್ಟಿಲ ನಡುವಿನ ತನಕ ಕಂಡವು, ಅದರಾಚೆ ಇರಲಿಲ್ಲ. ಗೋಡೆಯೊಳಗಿನ ಕೊಳವೆಯಿಂದ ಕಾವು ಬಂದು ಕೋಣೆಯಲ್ಲಿ ಸೋಪಿನ ವಾಸನೆ ಹರಡಿತು.

ಅಕ್ಕ ಆಸ್ಪತ್ರೆಗೆ ಬಂದಾಗ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಅವಳನ್ನು ಕಂಡದ್ದೇ ಒಳಗೆ ಕೈ ತೋರಿಸಿದರು. ಪುಟ್ಟಿಯ ತುಟಿ ತುಟಿಯ ಬಣ್ಣಕ್ಕೆ ಬಂದಿತ್ತು. ಡಾಕ್ಟರು ಎದೆ ಕೇಳುತ್ತ, ನಂಬಲಾಗದೆ ಮತ್ತೆ ಕೇಳುತ್ತ ಇದ್ದರು. "ಔಷಧಿ ಹಿಡೀತು ಅನ್ಸುತ್ತೆ" ಎಂದರು.

"ಹೌದು ಡಾಕ್ಟರೇ, ನಿಮ್ಮ ಕೈಗುಣ" ಎಂದಳು ಅಕ್ಕ. ಅವರೂ ರಾತ್ರಿಯಿಡೀ ಎದ್ದಿದ್ದವರು.

ಪುಟ್ಟಿ ಕಣ್ಣು ಬಿಟ್ಟು ಅಕ್ಕನನ್ನು ನೋಡಿದಳು. "ಅವಳು?"

"ಹೋದಳು. ಮಡಚಿ ಕೊಟ್ಟೆ."

"ನೀನು ನಿಂತ್ಯಾ?"

"ನಡೆದೆ ಕಣೇ."

"ನೀನಾ?" ಎಂದು ಪುಟ್ಟಿ ಇಷ್ಟಗಲ ಕಣ್ಣು ಮಾಡಿದಳು. ಆಮೇಲೆ ನಿಶ್ಶಕ್ತಿಯಲ್ಲೂ ನಕ್ಕಳು. "ಅದನ್ನ ನೋಡೋಕೆ ನಾನಿರಬೇಕಿತ್ತು."

ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು. ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಕೈ ತಿರುಗಿಸಿ, ಮುಂಗೈಯಿಂದ ಮುಟ್ಟಿದಳು. ತಣ್ಣಗಿತ್ತು.

ಮಾರನೆಯ ವಾರ ಬಡಗಿಯನ್ನು ಕರೆಸಿ ಆ ಅಗುಳಿ ಕೀಳಿಸಿದಳು. ಮಾಲೀಕ ಯಾಕೆ ಎಂದು ಕೇಳಿದ. "ಅಪ್ಪ ಇಟ್ಟಿದ್ರು ಅಂತ ನೀವು ಇಟ್ಟಿದ್ರಿ. ನಾನು ನಿಮ್ಮಪ್ಪನ ಮಗಳಲ್ಲವಲ್ಲ" ಎಂದಳು. ಅದನ್ನು ಗುಜರಿಗೆ ಹಾಕಿದಳು. ಕೋಣೆ ಈಗ ದಿನವೂ ತೆರೆದಿರುತ್ತದೆ, ಮಳೆಗಾಲದಲ್ಲಿ ಚಾದರ ಅಲ್ಲೇ ಒಣಗುತ್ತದೆ. ಮೂಲೆಗಳು ಸರಿಯಾಗಿ ಕೂಡಿವೆಯೋ ಇಲ್ಲವೋ ಅಕ್ಕನ ಬೆರಳಿಗೆ ಗೊತ್ತಾಗುವುದಿಲ್ಲವಾದ್ದರಿಂದ, ಮಡಚುವಾಗ ಪುಟ್ಟಿ ನಿಲ್ಲುತ್ತಾಳೆ, ಅಕ್ಕ ನಡೆಯುತ್ತಾಳೆ. ಜಗ್ಗುವಾಗ ಪುಟ್ಟಿ ಬೇಕೆಂದೇ ಸ್ವಲ್ಪ ಜೋರಾಗಿ ಜಗ್ಗುತ್ತಾಳೆ.

ಹೋದದ್ದು ಇಷ್ಟು: ಆಸ್ಪತ್ರೆಯ ಒಂದು ಚಾದರ, ಅದರ ಬೆಲೆಯನ್ನು ಅಕ್ಕ ಕೈಯಿಂದ ಕಟ್ಟಿಕೊಟ್ಟಳು, ಮತ್ತೆ ಎರಡೂ ಕೈಯ ಬೆರಳ ತುದಿಯ ಸ್ಪರ್ಶ, ಅದು ತಿರುಗಿ ಬರಲಿಲ್ಲ. ಉಳಿದದ್ದು ಪುಟ್ಟಿ.